ಹದಿಮೂರು ದಿನದ ರಜೆ



ಇಂದು ಮಾತನಾಡಲು ನನಗೆ ಕೊಟ್ಟಿರುವ ವಿಷಯ 'ಉದ್ಯೋಗ ಮತ್ತು ಸಂಸಾರ'. ಇವೆರಡನ್ನೂ ಸರಿದೂಗಿಸಿಕೊಂಡು ಹೋಗುವ ಬಗೆ ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕರೆದವರ ಅಪೇಕ್ಷೆ. ಹಿತವಚನ ಹೇಳುವ ಅಧಿಕಾರ ನನಗಿಲ್ಲ. ನಾನು ಇತಿಹಾಸದ ಅಧ್ಯಾಪಕಿ. ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿ ನಿವೃತ್ತಳಾದವಳು. ಆದುದರಿಂದ ನನಗೆ ಗೊತ್ತಿರುವ ದಾರಿಯಲ್ಲೇ ಹೋಗುತ್ತೇನೆ. ನೂರು ವರ್ಷಕ್ಕೂ ಹಿಂದೆ ಈ ಪ್ರಶ್ನೆಯನ್ನು ಎದುರಿಸಿದ ಇಬ್ಬರು ಹೆಂಗಸರ ಕಥೆ ಹೇಳುತ್ತೇನೆ. ಅದಕ್ಕೂ ಮೊದಲು, ಆ ಕಥೆಯನ್ನು ನಾನು ಒಮ್ಮೆ ತಪ್ಪಾಗಿ ಹೇಳಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ನಾವು ಪಾಠ ಹೇಳುತ್ತಿದ್ದ ಆಧುನಿಕ ಭಾರತದ ಇತಿಹಾಸದಲ್ಲಿ ಸಮಾಜಸುಧಾರಣೆಯ ಅಧ್ಯಾಯವೊಂದು ಬರುತ್ತಿತ್ತು. ಅದರಲ್ಲಿ ಒಂದೇ ಒಂದು ಸಾಲು: 1883ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಚಂದ್ರಮುಖಿ ಬಸು, ಕಾದಂಬಿನಿ ಬಸು ಎಂಬಿಬ್ಬರು ಹೆಣ್ಣುಮಕ್ಕಳು ಬಿ.ಎ. ಪದವಿ ಪಡೆದರು; ಕಾದಂಬಿನಿ ಮುಂದೆ ವೈದ್ಯೆಯಾದರು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಒದಗುವ ಸಾಲು ಅದು. ಎಷ್ಟೋ ವರ್ಷ ಅದನ್ನು ಹೇಳಿ, ಬರೆಸಿ, ಮುಂದಿನ ಪುಟಕ್ಕೆ ಹೋಗಿದ್ದೇನೆ.

1984ರ ಸುಮಾರಿನಲ್ಲಿ ಒಂದು ದಿನ ಆ ಸಾಲನ್ನು ಬರೆಸಿ ಮುಗಿಸಿದ ಮೇಲೆ, ಕಡೆಯ ಬೆಂಚಿನ ಹುಡುಗಿಯೊಬ್ಬಳು ಬಾಗಿಲ ಬಳಿ ನನ್ನನ್ನು ನಿಲ್ಲಿಸಿದಳು. ಮದುವೆಯಾದ ಹುಡುಗಿ, ಬೇಸಿಗೆಯಲ್ಲಿ ಮದುವೆಯಾಗಿ ಮತ್ತೆ ಓದಲು ಬಂದಿದ್ದವಳು. "ಮೇಡಂ, ಆಕೆಗೆ ಮದುವೆಯಾಗಿತ್ತೆ? ಮಕ್ಕಳಿದ್ದುವೆ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ನೋಡಿ ಹೇಳುತ್ತೇನಮ್ಮ" ಎಂದೆ. ಇಷ್ಟು ವರ್ಷ ಈ ಪ್ರಶ್ನೆ ನನಗೇ ಏಕೆ ಹೊಳೆಯಲಿಲ್ಲ ಎಂದು ನಾಚಿಕೆಯೂ ಆಯಿತು. ಆ ಹೊತ್ತಿಗೆ ನನಗೂ ಮನೆಯಲ್ಲಿ ಇಬ್ಬರು ಮಕ್ಕಳು.

ಗ್ರಂಥಾಲಯದಲ್ಲಿ ಹುಡುಕಿದೆ. ಸಿಕ್ಕ ಸಂಗತಿಗಳು ನನ್ನನ್ನು ಬೆರಗುಗೊಳಿಸಿದವು. ನಾಲ್ಕು ದಿನ ಬಿಟ್ಟು ಆ ಹುಡುಗಿಯನ್ನು ಅಧ್ಯಾಪಕರ ಕೊಠಡಿಗೆ ಕರೆಸಿ ಉತ್ಸಾಹದಿಂದ ಹೇಳಿದೆ: ಆಕೆ ಮದುವೆಯಾದದ್ದೇ ವೈದ್ಯಕೀಯ ಓದಿಗೆ ಸೇರುವ ವರ್ಷ, ಓದುತ್ತಿರುವಾಗಲೇ ತಾಯಿಯಾದಳು, ಹೆರಿಗೆಗೆಂದು ಆಕೆ ತಪ್ಪಿಸಿಕೊಂಡದ್ದು ಬರಿಯ ಹದಿಮೂರು ದಿನ, ಎಲ್ಲ ಸೇರಿ ಎಂಟು ಮಕ್ಕಳ ತಾಯಿ. "ನೋಡು, ಮನಸ್ಸಿದ್ದರೆ ಎಲ್ಲವೂ ಆಗುತ್ತದೆ" ಎಂದು ಮುಗಿಸಿದೆ. ಹುಡುಗಿ ತಲೆ ತಗ್ಗಿಸಿ ಕೇಳಿದಳು. ಆಮೇಲೆ, "ಅವರು ದೊಡ್ಡವರು ಮೇಡಂ. ನನ್ನ ಕೈಲಿ ಅಷ್ಟೆಲ್ಲ ಆಗುವುದಿಲ್ಲ" ಎಂದಳು. ದಸರಾ ರಜೆ ಕಳೆದು ಕಾಲೇಜು ತೆರೆದಾಗ ಆಕೆ ಬರಲಿಲ್ಲ.

ನಾನು ಏನೂ ಹೇಳದಿದ್ದರೂ ಆಕೆ ಓದು ಬಿಡುತ್ತಿದ್ದಳೋ ಏನೋ. ಆದರೆ ಊರುಗೋಲೆಂದು ನಾನು ಕೈಗಿತ್ತ ಕಥೆಯನ್ನು ಆಕೆ ಅಳತೆಗೋಲಾಗಿ ತೆಗೆದುಕೊಂಡು, ಅದರ ಮುಂದೆ ತನ್ನನ್ನು ನಿಲ್ಲಿಸಿಕೊಂಡು, ತಾನು ಗಿಡ್ಡವೆಂದು ತೀರ್ಮಾನಿಸಿದಳು ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಮೇಲಿನ ವರ್ಷಗಳಲ್ಲಿ ಕಾದಂಬಿನಿಯ ವಿಷಯ ಎಲ್ಲಿ ಸಿಕ್ಕರೂ ಓದಿದ್ದೇನೆ. ಆ ಹುಡುಗಿಗೆ ನಾನು ಹೇಳಿದ ಸಂಗತಿಗಳಲ್ಲಿ ಯಾವುದೂ ಸುಳ್ಳಲ್ಲ. ಆದರೂ ಕಥೆ ತಪ್ಪಾಗಿತ್ತು. ಹೇಗೆ ಎಂಬುದನ್ನು ಈಗ ಹೇಳುತ್ತೇನೆ.

ಕಾದಂಬಿನಿ ಹುಟ್ಟಿದ್ದು 1861ರಲ್ಲಿ, ಬಿಹಾರದ ಭಾಗಲ್ಪುರದಲ್ಲಿ. ತಂದೆ ಬ್ರಜಕಿಶೋರ ಬಸು ಶಾಲೆಯ ಮುಖ್ಯೋಪಾಧ್ಯಾಯರು, ಬ್ರಾಹ್ಮಸಮಾಜದವರು, ಹೆಣ್ಣುಮಕ್ಕಳ ಏಳಿಗೆಗಾಗಿ ದುಡಿದವರು. ಮಗಳನ್ನು ಕಲ್ಕತ್ತೆಗೆ ಕಳುಹಿಸಿ ಓದಿಸಿದರು. ಅಲ್ಲಿ ಬಂಗ ಮಹಿಳಾ ವಿದ್ಯಾಲಯವೆಂಬ ಶಾಲೆಯಲ್ಲಿ ಆಕೆಗೆ ಪಾಠ ಹೇಳಿದವರು ದ್ವಾರಕಾನಾಥ ಗಂಗೂಲಿ. ಇವರು 1869ರಲ್ಲೇ 'ಅಬಲಾಬಾಂಧವ' ಎಂಬ ಪತ್ರಿಕೆಯನ್ನು ಆರಂಭಿಸಿ ಹೆಣ್ಣಿನ ಪರವಾಗಿ ಬರೆದವರು. 1878ರಲ್ಲಿ ಆ ಶಾಲೆ ಬೆಥೂನ್ ಶಾಲೆಯೊಡನೆ ಕೂಡಿಕೊಂಡಿತು. ಅದೇ ವರ್ಷ ಕಾದಂಬಿನಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಆಕೆ ಮುಂದೆ ಓದಬೇಕೆಂದರೆ ಹೆಣ್ಣುಮಕ್ಕಳಿಗೆ ಕಾಲೇಜೇ ಇರಲಿಲ್ಲ. 1879ರಲ್ಲಿ ಬೆಥೂನ್ ಶಾಲೆಯಲ್ಲಿ ಕಾಲೇಜು ತರಗತಿ ತೆರೆದದ್ದು ಈ ಒಬ್ಬ ವಿದ್ಯಾರ್ಥಿನಿಯ ನಿಮಿತ್ತದಿಂದ.

ಬಿ.ಎ. ಆದ ಮೇಲೆ ವೈದ್ಯಕೀಯ ಓದುವ ಹಟ ಹಿಡಿದಳು. ಮದರಾಸಿನ ವೈದ್ಯಕೀಯ ಕಾಲೇಜು 1875ರಲ್ಲೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿತ್ತು. ಕಲ್ಕತ್ತೆಯದು ತೆರೆದಿರಲಿಲ್ಲ. ಮುಂದೆ ವಿಜ್ಞಾನಿ ಜಗದೀಶಚಂದ್ರ ಬೋಸರ ಪತ್ನಿಯಾದ ಅಬಲಾ ದಾಸ್ 1882ರಲ್ಲಿ ವೈದ್ಯಕೀಯ ಓದಲು ಬಂಗಾಳದಿಂದ ಮದರಾಸಿಗೇ ಬರಬೇಕಾಯಿತು. ದ್ವಾರಕಾನಾಥರು ಸರ್ಕಾರಕ್ಕೆ ಬರೆದು, ವಾದಿಸಿ, ಒತ್ತಾಯ ತಂದರು. 1883ರಲ್ಲಿ ಕಲ್ಕತ್ತೆಯ ಕಾಲೇಜಿನ ಬಾಗಿಲು ತೆರೆಯಿತು. ಅದೇ 1883ರ ಜೂನ್ ತಿಂಗಳಲ್ಲಿ, ಇಪ್ಪತ್ತೊಂದು ವರ್ಷದ ಕಾದಂಬಿನಿ ಮೂವತ್ತೊಂಬತ್ತು ವರ್ಷದ ವಿಧುರ ದ್ವಾರಕಾನಾಥರನ್ನು ಮದುವೆಯಾದಳು. ಗುರುವು ಶಿಷ್ಯೆಯನ್ನು ವರಿಸಿದ ಈ ಮದುವೆ ಅವರ ಸುಧಾರಕ ಮಿತ್ರರಲ್ಲೇ ಕೆಲವರಿಗೆ ಹಿಡಿಸಲಿಲ್ಲ.

ಕಾಲೇಜಿನ ಒಳಗೂ ದಾರಿ ಸುಗಮವಾಗಿರಲಿಲ್ಲ. ಹೆಣ್ಣು ವೈದ್ಯಕೀಯ ಓದುವುದೇ ಸಲ್ಲದೆಂದು ತಿಳಿದಿದ್ದ ಅಧ್ಯಾಪಕರು ಅಲ್ಲಿದ್ದರು. ಒಂದು ವಿಷಯದಲ್ಲಿ ಅನುತ್ತೀರ್ಣಳಾದಳೆಂದು ವಿಶ್ವವಿದ್ಯಾನಿಲಯದ ಎಂ.ಬಿ. ಪದವಿ ಆಕೆಗೆ ದೊರೆಯಲಿಲ್ಲ. ಕಾಲೇಜು ತಾನೇ ನೀಡಬಹುದಾಗಿದ್ದ ಜಿ.ಬಿ.ಎಂ.ಸಿ. ಎಂಬ ಪ್ರಮಾಣಪತ್ರದಿಂದ ವೃತ್ತಿ ನಡೆಸುವ ಹಕ್ಕು ಬಂತು.

ಹದಿಮೂರು ದಿನದ ಮಾತು ಬರುವುದು ಈ ವಿದ್ಯಾರ್ಥಿದೆಸೆಯ ಬಗ್ಗೆ. ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ 1888ರಲ್ಲಿ ಪತ್ರವೊಂದರಲ್ಲಿ ಈ 'ಶ್ರೀಮತಿ ಗಂಗೂಲಿ'ಯ ವಿಷಯ ವಿಚಾರಿಸುತ್ತಾಳೆ. ವೈದ್ಯೆಯಾಗಬೇಕೆಂದು ನಿಶ್ಚಯಿಸಿದ ಮೇಲೆ ಮದುವೆಯಾದಳಂತೆ. ಒಂದೋ ಎರಡೋ ಮಕ್ಕಳೂ ಆಗಿವೆಯಂತೆ. ಹೆರಿಗೆಗೆಂದು ಹದಿಮೂರೇ ದಿನ ಬಾರದೆ ಇದ್ದಳಂತೆ. ಒಂದು ಉಪನ್ಯಾಸವನ್ನೂ ತಪ್ಪಿಸಿಕೊಂಡಂತಿಲ್ಲ ಎಂದು ಆಶ್ಚರ್ಯಸೂಚಕ ಚಿಹ್ನೆಗಳನ್ನು ಸುರಿದು ಬರೆಯುತ್ತಾಳೆ. ತಾನು ಮದುವೆಯನ್ನೇ ಬೇಡವೆಂದು ಬಿಟ್ಟು ದಾದಿಯ ವೃತ್ತಿಗೆ ಗೌರವ ತಂದ ಮಹಿಳೆ ನೈಟಿಂಗೇಲ್. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂದು ನಂಬಿದ್ದ ಆಕೆಗೆ, ಎರಡನ್ನೂ ಹಿಡಿದುಕೊಂಡವಳೊಬ್ಬಳು ದೂರದ ಕಲ್ಕತ್ತೆಯಲ್ಲಿ ಇರುವಳೆಂಬುದು ಬೆರಗಿನ ಸುದ್ದಿ.

ನಮ್ಮ ಕಡೆಯ ಲೆಕ್ಕದಲ್ಲಿ ಇದನ್ನು ಯೋಚಿಸಿ ನೋಡಿ. ಹನ್ನೊಂದನೆಯ ದಿನ ಪುಣ್ಯಾಹ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟು ಬಂದ ನೆಂಟರು ಊರು ಸೇರುವುದರೊಳಗೆ ಈಕೆ ಶವಚ್ಛೇದದ ಕೊಠಡಿಯಲ್ಲಿ, ನೂರಾರು ಗಂಡಸರ ನಡುವೆ. ನಮ್ಮ ತವರುಗಳಲ್ಲಿ ಬಾಣಂತಿಗೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಗಾಳಿ ತಾಕದಂತೆ ಕೋಣೆಯಲ್ಲಿ ಕೂರಿಸುವ ದಿನಗಳು ಅವು. ಬಾಣಂತನವೆಂದರೆ ಬರಿಯ ಶಾಸ್ತ್ರವಲ್ಲ. ದೇಹ ಕೇಳುವ ವಿಶ್ರಾಂತಿಗೆ ಹಿರಿಯರು ಕಟ್ಟಿಟ್ಟ ಒಂದು ಬೇಲಿ. ಆ ಬೇಲಿಯನ್ನು ಆಕೆ ದಾಟಿದಳೆಂದು ನಾವು ಹೊಗಳುತ್ತೇವೆ. ದಾಟದೆ ಇದ್ದಿದ್ದರೆ ಏನಾಗುತ್ತಿತ್ತು? ಆಕೆಯ ಒಂದು ತಿಂಗಳ ರಜೆ ಆಕೆಯೊಬ್ಬಳದಾಗಿ ಉಳಿಯುತ್ತಿರಲಿಲ್ಲ. ಹೆಣ್ಣಿಗೆ ಈ ಓದು ಆಗಿಬರದೆಂಬುದಕ್ಕೆ ಸಾಕ್ಷಿಯಾಗಿ ಬಿಡುತ್ತಿತ್ತು. ಹದಿಮೂರು ದಿನವೆಂಬುದು ಆಕೆಯ ಶಕ್ತಿಯ ಲೆಕ್ಕ ಹೇಗೋ, ಆಕೆಯ ಮೇಲಿದ್ದ ಕಣ್ಣುಗಳ ಲೆಕ್ಕವೂ ಹಾಗೆಯೇ. ಇದನ್ನು ನಾನು ಆ ಹುಡುಗಿಗೆ ಹೇಳಲಿಲ್ಲ.

ಇನ್ನು ಮನೆಯ ವಿಷಯ. ಕಲ್ಕತ್ತೆಯ ಕಾರ್ನ್‌ವಾಲಿಸ್ ಬೀದಿಯ 13ನೇ ನಂಬರಿನ ಮನೆ, ಬ್ರಾಹ್ಮಸಮಾಜದ ಮಂದಿರಕ್ಕೆ ಎದುರಾಗಿ ಇದ್ದ ದೊಡ್ಡ ಮನೆ. ಅಲ್ಲಿ ಈ ದಂಪತಿಗಳಲ್ಲದೆ ದ್ವಾರಕಾನಾಥರ ಮೊದಲ ಹೆಂಡತಿಯ ಮಗಳು ವಿಧುಮುಖಿಯೂ ಇದ್ದಳು. ಆಕೆಯನ್ನು ಮದುವೆಯಾದವರು ಉಪೇಂದ್ರಕಿಶೋರ ರಾಯ್‌ಚೌಧುರಿ. ಮಕ್ಕಳಿಗಾಗಿ ಕಥೆ ಬರೆದು ಚಿತ್ರ ಬಿಡಿಸಿ ಬಂಗಾಳದಲ್ಲಿ ಮನೆಮಾತಾದವರು. ಅವರ ಮಗ ಸುಕುಮಾರ ರಾಯ್. ಮೊಮ್ಮಗ ನಾವೆಲ್ಲ ಬಲ್ಲ ಸತ್ಯಜಿತ್ ರಾಯ್. ಮಲತಾಯಿಗೂ ಮಗಳಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಒಂದೇ ಮನೆಯಲ್ಲಿ ಕಾದಂಬಿನಿಯ ಮಕ್ಕಳೂ ವಿಧುಮುಖಿಯ ಮಕ್ಕಳೂ ಒಟ್ಟಿಗೆ ಬೆಳೆದರು. ಅಂದರೆ ಕಾದಂಬಿನಿ ತನ್ನ ಚೀಲ ಹಿಡಿದು ಗಾಡಿ ಹತ್ತಿದಾಗ ಮನೆ ಬರಿದಾಗುತ್ತಿರಲಿಲ್ಲ.

ಗಾಡಿಯಲ್ಲೂ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ರೋಗಿಗಳ ಮನೆಯಿಂದ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಯವಾದ ಲೇಸು ಹೆಣೆಯುತ್ತಿದ್ದಳೆಂದು ಆಕೆಯನ್ನು ಕುರಿತು ಬರೆದವರು ಹೇಳುತ್ತಾರೆ. ಈ ಚಿತ್ರವನ್ನು ಎಲ್ಲರೂ ಮೆಚ್ಚಿ ಉದ್ಧರಿಸುತ್ತಾರೆ: ಶಸ್ತ್ರಚಿಕಿತ್ಸೆಯ ಕೈಯೇ ಲೇಸನ್ನೂ ಹೆಣೆಯಿತು! ನಾನೂ ಮೆಚ್ಚುತ್ತೇನೆ. ಆದರೆ ಗಂಡಸು ವೈದ್ಯನೊಬ್ಬ ಗಾಡಿಯಲ್ಲಿ ಕುಳಿತು ದಾರಿಯಲ್ಲಿ ತೂಕಡಿಸಿದರೆ ಅದನ್ನು ಯಾರೂ ದೋಷವೆಂದು ಬರೆಯುವುದಿಲ್ಲ ಎಂಬುದೂ ನೆನಪಾಗುತ್ತದೆ.

1888ರಲ್ಲಿ ಲೇಡಿ ಡಫರಿನ್ ಹೆಂಗಸರ ಆಸ್ಪತ್ರೆಯಲ್ಲಿ ತಿಂಗಳಿಗೆ 300 ರೂಪಾಯಿ ಸಂಬಳದ ಕೆಲಸ ದೊರೆಯಿತು. ಆ ಕಾಲಕ್ಕೆ ಬಹಳ ದೊಡ್ಡ ಸಂಬಳ. ಆದರೂ ಹೆಂಗಸು ಡಾಕ್ಟರೆಂದರೆ ಜನ ಸೂಲಗಿತ್ತಿಯೆಂದೇ ಎಣಿಸುತ್ತಿದ್ದರು. ಸಿರಿವಂತರ ಮನೆಯೊಂದರಲ್ಲಿ ಕಷ್ಟದ ಹೆರಿಗೆ ಮಾಡಿಸಿ ತಾಯಿ-ಮಗುವನ್ನು ಉಳಿಸಿದ ಮೇಲೆ, ಹೊರಗಡೆ ಎಲೆ ಹಾಕಿ, ಉಂಡ ಜಾಗವನ್ನು ತಾವೇ ಬಳಿದು ಹೋಗಬೇಕೆಂದು ಹೇಳಿದರೆಂಬ ಸಂಗತಿ ಆ ಮನೆತನದ ನೆನಪಿನಲ್ಲಿ ಉಳಿದಿದೆ.

ಇದಕ್ಕಿಂತ ಕ್ರೂರವಾದದ್ದು 1891ರಲ್ಲಿ ನಡೆಯಿತು. ಸಂಪ್ರದಾಯದ ಪರವಾದ 'ಬಂಗವಾಸಿ' ಎಂಬ ವಾರಪತ್ರಿಕೆ, ರಾತ್ರಿಹಗಲೆನ್ನದೆ ಮನೆಯಿಂದ ಹೊರಗೆ ತಿರುಗುವ ಈ ವೈದ್ಯೆಯನ್ನು ಸುತ್ತುಬಳಸಿ ವೇಶ್ಯೆಯೆಂದು ಕರೆಯಿತು. ಗೃಹಿಣಿಯ ಧರ್ಮ ಬಿಟ್ಟವಳೆಂಬುದು ಆರೋಪ. ಇಂಥ ಮಾತು ಬಂದಾಗ ಮನೆಯ ಗಂಡಸು, "ಊರಿನ ಬಾಯಿಗೆ ಏಕೆ ಬೀಳಬೇಕು, ಕೆಲಸ ಬಿಟ್ಟುಬಿಡು" ಎನ್ನುವುದು ಲೋಕರೂಢಿ. ದ್ವಾರಕಾನಾಥರು ಹಾಗೆನ್ನಲಿಲ್ಲ. ಮಿತ್ರರಾದ ಶಿವನಾಥ ಶಾಸ್ತ್ರಿ, ಡಾಕ್ಟರ್ ನೀಲರತನ ಸರ್ಕಾರ್ ಅವರ ಬೆಂಬಲದೊಡನೆ ಮೊಕದ್ದಮೆ ಹೂಡಿದರು. ಸಂಪಾದಕ ಮಹೇಶಚಂದ್ರ ಪಾಲನಿಗೆ ಆರು ತಿಂಗಳ ಸೆರೆವಾಸ, ನೂರು ರೂಪಾಯಿ ದಂಡ. ನ್ಯಾಯಾಲಯದಲ್ಲಿ ಗೆದ್ದದ್ದು ದೊಡ್ಡದು. ಆದರೆ ಮೊಕದ್ದಮೆ ನಡೆದ ಆ ದಿನಗಳಲ್ಲೂ ಆಕೆ ಪ್ರತಿ ಬೆಳಗ್ಗೆ ಗಾಡಿ ಹತ್ತಿ ಅದೇ ಬೀದಿಗಳಲ್ಲಿ ಹೋಗಬೇಕಾಗಿತ್ತಲ್ಲ, ಅದು ಯಾವ ತೀರ್ಪಿನಲ್ಲೂ ದಾಖಲಾಗುವಂಥದಲ್ಲ.

1893ರಲ್ಲಿ, ಪದವಿಯ ಕೊರತೆಯನ್ನು ತುಂಬಿಕೊಳ್ಳಲು, ಕಾದಂಬಿನಿ ಸಮುದ್ರ ದಾಟಿ ಸ್ಕಾಟ್ಲೆಂಡಿಗೆ ಹೋದಳು. ಎಡಿನ್‌ಬರೋ ಮತ್ತು ಗ್ಲಾಸ್ಗೋ ಸಂಸ್ಥೆಗಳ ಮೂರು ವೈದ್ಯಕೀಯ ಅರ್ಹತೆಗಳನ್ನು ಪಡೆದು ತಿರುಗಿ ಬಂದಳು. ಚಿಕ್ಕ ಮಕ್ಕಳನ್ನು ಕಲ್ಕತ್ತೆಯಲ್ಲಿ ಗಂಡನ ಹಾಗೂ ವಿಧುಮುಖಿಯ ವಶಕ್ಕೆ ಬಿಟ್ಟು ಹೋಗಿದ್ದಳು. ಕಾದಂಬಿನಿಯ ಮೂರು ಪದವಿಗಳ ಹೆಸರು ಎಲ್ಲ ಪುಸ್ತಕಗಳಲ್ಲೂ ಇವೆ. ಆ ತಿಂಗಳುಗಳಲ್ಲಿ ತನ್ನ ಮಕ್ಕಳ ಜೊತೆಗೆ ತಾಯಿಯ ಮಕ್ಕಳಿಗೂ ಅನ್ನ ಕಲಸಿದ ವಿಧುಮುಖಿಯ ಹೆಸರನ್ನು ಪುಸ್ತಕದ ಕೊನೆಯ ಪುಟಗಳಲ್ಲಿ, ವಂಶಾವಳಿಯಲ್ಲಿ ಹುಡುಕಬೇಕು. ಅದನ್ನೂ ನಾನು ಆ ಹುಡುಗಿಗೆ ಹೇಳಿರಲಿಲ್ಲ.

ಈಗ ಎರಡನೆಯ ಹೆಂಗಸಿನ ಕಡೆಗೆ ಬರುತ್ತೇನೆ. ಈಕೆಯ ಹೆಸರು ಹೈಮಾವತಿ ಸೇನ್. ಕಾದಂಬಿನಿಗಿಂತ ಐದು ವರ್ಷ ಚಿಕ್ಕವಳು. 1866ರಲ್ಲಿ ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾ ಪ್ರದೇಶದಲ್ಲಿ ಹುಟ್ಟಿದವಳು. ಹತ್ತು ತುಂಬುವ ಮೊದಲೇ ನಾಲ್ವತ್ತು ದಾಟಿದ ವರನಿಗೆ ಕೊಟ್ಟು ಮದುವೆ ಮಾಡಿದರು. ಸ್ವಲ್ಪ ಕಾಲದಲ್ಲೇ ವಿಧವೆಯಾದಳು. ಕಾಶಿಯಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ ಅವರಿವರ ಆಶ್ರಯದಲ್ಲಿ ಬದುಕಿ, ಬ್ರಾಹ್ಮಸಮಾಜಕ್ಕೆ ಸೇರಿ, ಕುಂಜವಿಹಾರಿ ಸೇನ್ ಎಂಬಾತನನ್ನು 1890ರಲ್ಲಿ ಮರುಮದುವೆಯಾದಳು. ಆಮೇಲೆ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಸೇರಿ ಬಂಗಾಳಿಯಲ್ಲೇ ವೈದ್ಯವನ್ನು ಕಲಿತಳು. 1894ರಲ್ಲಿ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬಂದಾಗ, ಹೆಣ್ಣಿಗೆ ಚಿನ್ನದ ಪದಕ ಸಲ್ಲದೆಂದು ಹುಡುಗರು ಗಲಭೆ ಎಬ್ಬಿಸಿದರು. ಆಕೆ ಬೆಳ್ಳಿಯ ಪದಕಕ್ಕೂ ವಿದ್ಯಾರ್ಥಿವೇತನಕ್ಕೂ ಒಪ್ಪಿಕೊಂಡಳು. ಮನೆಯಲ್ಲಿ ಒಲೆ ಉರಿಯಬೇಕಾಗಿತ್ತು.

ಹೂಗ್ಲಿಯ ಡಫರಿನ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಆಕೆ ಬಂಗಾಳಿಯಲ್ಲಿ ಬರೆದಿಟ್ಟ ಆತ್ಮಕಥೆ ಬಹುಕಾಲ ಹಸ್ತಪ್ರತಿಯಾಗಿಯೇ ಉಳಿದಿತ್ತು. 2000ನೇ ಇಸವಿಯಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅದನ್ನು ಓದಿದಾಗ ನನಗೆ ಕಾದಂಬಿನಿಯ ಮನೆಯ ಗೋಡೆಗಳು ಇದ್ದಕ್ಕಿದ್ದಂತೆ ಪಾರದರ್ಶಕವಾದಂತೆ ತೋರಿತು. ಹೈಮಾವತಿಯ ಗಂಡ ದೇವರ ಧ್ಯಾನದಲ್ಲಿ ತೊಡಗಿದವನು. ಸಂಪಾದನೆಯ ಗೊಡವೆ ಅವನಿಗಿರಲಿಲ್ಲ. ಆದರೆ ಹೆಂಡತಿಯ ಸಂಪಾದನೆ ಅವನ ಕೈಗೇ ಸೇರಬೇಕಾಗಿತ್ತು. ಆಸ್ಪತ್ರೆಗೆ ಹೋಗುವ ಮುಂಚೆ ಅಡಿಗೆ, ಬಂದ ಮೇಲೆ ಮನೆಗೆಲಸ, ನಡುವೆ ಹೆರಿಗೆ, ಕೂಸು. ಗಂಡನ ಸಿಟ್ಟನ್ನೂ ಏಟನ್ನೂ ತಿಂದವಳು. ಆಸ್ಪತ್ರೆಯಲ್ಲಿ ಮೇಲಿನ ಗಂಡಸು ವೈದ್ಯರಿಂದ ಸಹಿಸಬೇಕಾದದ್ದು ಬೇರೆ. 1902ರಲ್ಲಿ ಗಂಡ ತೀರಿಕೊಂಡ ಮೇಲೂ ಆಕೆ ವೃತ್ತಿ ನಡೆಸಿ, ತನ್ನ ಮಕ್ಕಳನ್ನು ಬೆಳೆಸಿ, ಅನಾಥ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಮನೆಗೆ ತಂದು ಸಾಕಿದಳು.

ಇಬ್ಬರೂ ಒಂದೇ ಕಾಲದವರು. ಒಂದೇ ಸಮಾಜಕ್ಕೆ ಸೇರಿದವರು. ವೃತ್ತಿಯೂ ಒಂದೇ. ಇಬ್ಬರೂ ಉದ್ಯೋಗ-ಸಂಸಾರಗಳೆರಡನ್ನೂ ನಡೆಸಿದರೆಂದು ಪುಸ್ತಕದಲ್ಲಿ ಒಂದೇ ವಾಕ್ಯದಲ್ಲಿ ಬರೆದುಬಿಡಬಹುದು. ಆದರೆ ಒಬ್ಬಳಿಗೆ ಬೀದಿಯವರು ಕಲ್ಲೆಸೆದಾಗ ಮನೆ ಕೋಟೆಯಾಗಿ ನಿಂತಿತು. ಇನ್ನೊಬ್ಬಳಿಗೆ ಮನೆಯೇ ಎರಡನೆಯ ಪಾಳಿಯಾಯಿತು. ಇಬ್ಬರಿಗೂ ಇದ್ದ ಮನಸ್ಸಿನ ಬಲದಲ್ಲಿ ನನಗೆ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವಿದ್ದದ್ದು ಸುತ್ತ ಇದ್ದ ಕೈಗಳಲ್ಲಿ. 'ಮನಸ್ಸಿದ್ದರೆ ಎಲ್ಲವೂ ಆಗುತ್ತದೆ' ಎಂದು ನಾನು ಆ ಹುಡುಗಿಗೆ ಹೇಳಿದ್ದು ಇದಕ್ಕಾಗಿಯೇ ತಪ್ಪು.

ಸರಿದೂಗಿಸುವುದು ಎಂಬ ಮಾತನ್ನು ನಾವು ತಕ್ಕಡಿಯಿಂದ ತೆಗೆದುಕೊಂಡಿದ್ದೇವೆ. ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದರಲ್ಲಿ ಮನೆ. ನಡುವೆ ಮುಳ್ಳು ನೆಟ್ಟಗೆ ನಿಂತರೆ ಸರಿ. ಆದರೆ ತಕ್ಕಡಿಯನ್ನು ಎತ್ತಿ ಹಿಡಿದ ಕೈಯೊಂದು ಇದೆಯಲ್ಲ? ತೂಕ ನೋಡುವವರು ಆ ಕೈಯನ್ನು ನೋಡುವುದಿಲ್ಲ. ಕಾದಂಬಿನಿಯ ತಕ್ಕಡಿಯನ್ನು ಹಿಡಿದ ಕೈಗಳಲ್ಲಿ ಗಂಡನದೊಂದು, ಮಲಮಗಳದೊಂದು, ಹೆಸರೇ ಉಳಿಯದ ಆಳುಕಾಳುಗಳವು ಹಲವು. ಇದನ್ನು ಹೇಳುವುದರಿಂದ ಆಕೆಯ ಹಿರಿಮೆ ಕುಗ್ಗುವುದಿಲ್ಲ. ಆ ಹಿರಿಮೆ ಹೇಗೆ ಸಾಧ್ಯವಾಯಿತೆಂಬುದು ತಿಳಿಯುತ್ತದೆ.

ಕಾದಂಬಿನಿ ಇದನ್ನು ತಾನೇ ಬಲ್ಲವಳಾಗಿದ್ದಳೆಂದು ನಂಬಲು ನನಗೆ ಒಂದು ಆಧಾರವಿದೆ. 1889ರ ಮುಂಬಯಿ ಕಾಂಗ್ರೆಸ್ಸಿಗೆ ಪ್ರತಿನಿಧಿಗಳಾಗಿ ಹೋದ ಮೊದಲ ಕೆಲವೇ ಹೆಂಗಸರಲ್ಲಿ ಆಕೆಯೂ ಒಬ್ಬಳು. ಮರುವರ್ಷ ಕಲ್ಕತ್ತೆಯ ಅಧಿವೇಶನದಲ್ಲಿ ವೇದಿಕೆಯಿಂದ ಮಾತನಾಡಿದಳು. ದ್ವಾರಕಾನಾಥರು 1898ರಲ್ಲಿ ತೀರಿಕೊಂಡರು. ಅವರು ತೀರಿಕೊಂಡ ದಿನವೇ ಹೆರಿಗೆಯ ಕರೆ ಬಂತೆಂದೂ ಆಕೆ ಚೀಲ ತೆಗೆದುಕೊಂಡು ಹೊರಟಳೆಂದೂ ಒಂದು ಮಾತು ಪ್ರಚಾರದಲ್ಲಿದೆ. ಅದನ್ನು ಕಠಿಣಹೃದಯವೆಂದವರೂ ಉಂಟು, ಕರ್ತವ್ಯವೆಂದವರೂ ಉಂಟು. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಆಕೆ ಒಬ್ಬಳೇ ಮನೆಯನ್ನೂ ವೃತ್ತಿಯನ್ನೂ ನಡೆಸಿದಳು. ಅರುವತ್ತು ದಾಟಿದ ಮೇಲೆ, 1922ರಲ್ಲಿ, ಕವಯಿತ್ರಿ ಕಾಮಿನಿ ರಾಯ್ ಅವರೊಡನೆ ಬಿಹಾರ ಮತ್ತು ಒರಿಸ್ಸಾದ ಗಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿಯನ್ನು ತಿಳಿಯಲು ಸರ್ಕಾರದ ಪರವಾಗಿ ಹೋದಳು. ಆ ವಯಸ್ಸಿನಲ್ಲಿ, ಆ ಕೀರ್ತಿಯ ಮೇಲೆ, ಅಲ್ಲಿಗೆ ಹೋಗಬೇಕಾದ ಅಗತ್ಯ ಆಕೆಗಿರಲಿಲ್ಲ.

ಆ ಹೆಂಗಸರಿಗೆ ಉದ್ಯೋಗವೂ ಇತ್ತು, ಸಂಸಾರವೂ ಇತ್ತು. ಗಣಿಯ ಒಳಗೆ ಕಲ್ಲಿದ್ದಲು ಹೊತ್ತು, ಹೊರಗೆ ಬಂದು ಒಲೆ ಹಚ್ಚುವವರು. ಅವರನ್ನು ಯಾರೂ 'ಮೊದಲ ಮಹಿಳೆ' ಎಂದು ಕರೆಯಲಿಲ್ಲ, ಹೊರಗೆ ದುಡಿದರೆಂದು ಯಾವ ಪತ್ರಿಕೆಯೂ ಬೈಯಲಿಲ್ಲ. ಬಡವರ ಮನೆಯ ಹೆಣ್ಣು ಹೊರಗೆ ದುಡಿದರೆ ಅದು ಸಮಸ್ಯೆಯೆಂದು ಲೋಕಕ್ಕೆ ತೋರುವುದೇ ಇಲ್ಲ. ಅದೇ ಕಾಲದಲ್ಲಿ ಮುಂಬಯಿಯ ಹತ್ತಿಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು, ನೋಡಿಕೊಳ್ಳುವವರಿಲ್ಲದ ಕೂಸಿಗೆ ಅಫೀಮು ತಿನ್ನಿಸಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರೆಂದು 1920ರ ದಶಕದ ವರದಿಗಳು ಹೇಳುತ್ತವೆ. ಎರಡನ್ನೂ ಸರಿದೂಗಿಸಿಕೊಳ್ಳಲು ಅವರಿಗೆ ಸಿಕ್ಕ ಉಪಾಯ ಅದು. ಅವರಿಗೆ ವಿಧುಮುಖಿ ಇರಲಿಲ್ಲ.

ಕಾದಂಬಿನಿ 1923ರ ಅಕ್ಟೋಬರ್ 3ರಂದು, ಒಂದು ಶಸ್ತ್ರಚಿಕಿತ್ಸೆ ಮುಗಿಸಿ ಬಂದ ದಿನವೇ ತೀರಿಕೊಂಡಳು. ಇಂಥ ಹೆಂಗಸರಿಗೆ ಕಾನೂನು ಕೈ ಚಾಚಿದ್ದು ಆಮೇಲೆ. ಮುಂಬಯಿ ಪ್ರಾಂತದಲ್ಲಿ ಹೆರಿಗೆಭತ್ಯದ ಮಸೂದೆ ಬಂದಾಗ ಶಾಸನಸಭೆಯಲ್ಲಿ 1928ರಲ್ಲಿ ಅದನ್ನು ಎತ್ತಿಹಿಡಿದವರಲ್ಲಿ ಡಾಕ್ಟರ್ ಅಂಬೇಡ್ಕರ್ ಒಬ್ಬರು. 1929ರಲ್ಲಿ ಅದು ಕಾಯಿದೆಯಾಯಿತು. ಸ್ವತಂತ್ರ ಭಾರತದ 1961ರ ಕಾಯಿದೆ ಹನ್ನೆರಡು ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿ, ಮೊದಲ ಎರಡು ಮಕ್ಕಳಿಗೆ, ಅದನ್ನು ಇಪ್ಪತ್ತಾರು ವಾರಕ್ಕೆ ಏರಿಸಿ, ಐವತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಗೃಹ ಇರಬೇಕೆಂದು ವಿಧಿಸಿತು. ಹದಿಮೂರು ದಿನದಿಂದ ಇಪ್ಪತ್ತಾರು ವಾರ: ನೂರಮೂವತ್ತು ವರ್ಷಗಳಲ್ಲಿ ನಾವು ನಡೆದ ದೂರ ಸಣ್ಣದಲ್ಲ. ಆದರೆ ಹೊಲದಲ್ಲಿ ಕಳೆ ಕೀಳುವವಳಿಗೆ, ಬೀಡಿ ಸುತ್ತುವವಳಿಗೆ, ನಾವು ಕೆಲಸಕ್ಕೆ ಹೋಗಲೆಂದು ನಮ್ಮ ಮನೆಯ ಪಾತ್ರೆ ತೊಳೆಯುವವಳಿಗೆ ಆ ವಾರಗಳ ಲೆಕ್ಕ ತಲುಪುವುದು ಕಷ್ಟ. ನಮ್ಮ ತಕ್ಕಡಿಯನ್ನು ಹಿಡಿದಿರುವ ಕೈಗೆ ಹೆಚ್ಚಾಗಿ ಅವಳದೇ ಬಳೆ.

ಈ ಮಾತು ಬಂದಾಗ ನನ್ನ ಮನೆಯ ಲೆಕ್ಕವನ್ನೂ ಒಪ್ಪಿಸಬೇಕು. ನನ್ನ ಮೊದಲ ಮಗುವಿಗೆ ಮೂರು ತಿಂಗಳಾಗಿದ್ದಾಗ ನಾನು ಕಾಲೇಜಿಗೆ ತಿರುಗಿ ಹೋದೆ. ನನ್ನ ತಾಯಿ ಊರಿನ ಮನೆಗೆ ಬೀಗ ಹಾಕಿಕೊಂಡು ಬಂದು ಆರು ವರ್ಷ ನಮ್ಮಲ್ಲಿದ್ದರು. ತೋಟದ ಹೂವು, ದೇವಸ್ಥಾನದ ಮಂಗಳಾರತಿ, ಓರಗೆಯವರ ಮಾತು ಎಲ್ಲವನ್ನೂ ಬಿಟ್ಟು ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನನ್ನ ಮಕ್ಕಳ ತೊಟ್ಟಿಲು ತೂಗಿದರು. ನಾನು ಬೀಳ್ಕೊಡುಗೆಯ ದಿನ ಭಾಷಣ ಮಾಡಿದಾಗ ಗುರುಗಳನ್ನು ನೆನೆದೆ, ಸಹೋದ್ಯೋಗಿಗಳನ್ನು ನೆನೆದೆ, ಮನೆಯವರ 'ಸಹಕಾರ'ವನ್ನು ಒಂದು ಮಾತಿನಲ್ಲಿ ನೆನೆದೆ. ತಾಯಿಯ ಹೆಸರು ಹೇಳಲಿಲ್ಲ. ಆಗ ಆಕೆ ತೀರಿಕೊಂಡು ವರ್ಷಗಳಾಗಿದ್ದುವು. ಇತಿಹಾಸದ ಪುಸ್ತಕ ಬರೆದವರು ವಿಧುಮುಖಿಯನ್ನು ವಂಶಾವಳಿಯ ಪುಟಕ್ಕೆ ತಳ್ಳಿದರೆಂದು ಈಗ ತಾನೆ ದೂರಿದೆನಲ್ಲ. ನಾನು ಅಷ್ಟನ್ನೂ ಮಾಡಲಿಲ್ಲ.

ಸತ್ಯಜಿತ್ ರಾಯ್ 1963ರಲ್ಲಿ 'ಮಹಾನಗರ' ಎಂಬ ಚಿತ್ರ ತೆಗೆದರು. ನರೇಂದ್ರನಾಥ ಮಿತ್ರರ ಕಥೆಯನ್ನು ಆಧರಿಸಿದ್ದು. ಕಲ್ಕತ್ತೆಯ ಮಧ್ಯಮವರ್ಗದ ಸೊಸೆಯೊಬ್ಬಳು ಮನೆಮನೆಗೆ ಹೋಗಿ ಸರಕು ಮಾರುವ ಕೆಲಸಕ್ಕೆ ಸೇರಿದಾಗ ಮನೆಯೊಳಗೆ ಏನೇನು ಅಲುಗಾಡುತ್ತದೆ ಎಂಬುದರ ಚಿತ್ರ. ಅದನ್ನು ನೋಡಿದಾಗಲೆಲ್ಲ, ಈ ಮನುಷ್ಯನ ಅಜ್ಜಿ ವಿಧುಮುಖಿಯಲ್ಲವೆ ಎಂದು ನೆನಪಾಗುತ್ತದೆ. ಹೊರಗೆ ಹೋದವಳ ಕಥೆಯನ್ನು ಹೇಳುವಾಗ ಒಳಗೆ ಉಳಿದವರ ಮುಖವನ್ನೂ ಅಷ್ಟೇ ಹೊತ್ತು ನೋಡುವ ಕಣ್ಣು ಆತನಿಗಿತ್ತು.

ಕಡೆಯ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅರುವತ್ತರ ಆಸುಪಾಸಿನವಳಾಗಿರಬೇಕು, ಮೊಮ್ಮಗುವಿನ ತೊಟ್ಟಿಲು ತೂಗಿ ಸೊಸೆಯನ್ನೋ ಮಗಳನ್ನೋ ಕೆಲಸಕ್ಕೆ ಕಳುಹಿಸುತ್ತಿರಲೂಬಹುದು. ಈ ಹೊತ್ತು ಅವಳು ಕೇಳುತ್ತಿದ್ದರೆ, ಅಂದು ಕೊಟ್ಟ ಉತ್ತರವನ್ನು ತಿದ್ದಿಕೊಳ್ಳುತ್ತೇನೆ. ನೀನು ಕೇಳಿದ್ದು ಸರಿಯಾದ ಪ್ರಶ್ನೆಯಮ್ಮ. ಹೌದು, ಆಕೆಗೆ ಮದುವೆಯಾಗಿತ್ತು, ಮಕ್ಕಳಿದ್ದುವು. ಆಕೆ ಒಬ್ಬಳೇ ಎಲ್ಲವನ್ನೂ ಮಾಡಲಿಲ್ಲ. ನಿನ್ನ ಕೈಲಿ ಆಗದೆ ಹೋದದ್ದಕ್ಕೆ ನೀನು ಚಿಕ್ಕವಳಾಗಿದ್ದುದು ಕಾರಣವಲ್ಲ. ನಿನ್ನ ಜೊತೆಗೆ ಯಾರ ಕೈ ಇದೆ ಎಂದು ನಾನು ಆ ದಿನ ಕೇಳಬೇಕಾಗಿತ್ತು, ಕೇಳಲಿಲ್ಲ.